ಮೀನು ತರಲು ಐಸ್ ಬಾಕ್ಸ್: ಯಾವುದು ಆದೀತು, ಯಾವುದು ಆಗದು

ಕಿವಿರು ಕೆಂಪಗಿದೆಯೇ, ಕಣ್ಣು ಉಬ್ಬಿದೆಯೇ, ಒತ್ತಿದ ಗುಳಿ ಮೇಲೇಳುತ್ತದೆಯೇ ಎಂದೆಲ್ಲ ನೋಡಿ ಕೊಂಡ ಬಂಗುಡೆ, ತರಕಾರಿ ಸಂತೆ ಸುತ್ತಿ ಮನೆ ಸೇರುವಷ್ಟರಲ್ಲಿ ಮೆತ್ತಗಾಗಿದ್ದರೆ ಮಾರಿದವರನ್ನು ಬೈದು ಪ್ರಯೋಜನವಿಲ್ಲ. ಕರಾವಳಿಯ ಸೆಕೆಗೆ ಪ್ಲಾಸ್ಟಿಕ್ ಕವರ್ ತಡೆಯುವುದಿಲ್ಲ. ಬಂಗುಡೆ, ಬೂತಾಯಿ, ಟ್ಯೂನಾ ಬೆಚ್ಚಗಿದ್ದಷ್ಟೂ ಹಿಸ್ಟಮಿನ್ ಎಂಬ ವಿಷವಸ್ತು ಏರುತ್ತದೆ. ಎಷ್ಟು ಕುದಿಸಿದರೂ ಅದು ಹೋಗದು.

ಥರ್ಮೋಕೋಲ್ ಪೆಟ್ಟಿಗೆ ತಂಪು ಹಿಡಿಯುವುದರಲ್ಲಿ ಕಡಿಮೆಯೇನಲ್ಲ. ಆದರೆ ಮೂಲೆ ಮುರಿಯುತ್ತದೆ, ಬಿರುಕಿಗೆ ಮೀನಿನ ನೀರು ಇಳಿದರೆ ವಾಸನೆ ಬಿಡುವುದಿಲ್ಲ. ಒಳಗೆ ಬೆಳ್ಳಿ ಬಣ್ಣದ ಹಾಳೆ ಇರುವ ಬ್ಯಾಗ್ ಹಗುರ, ಮಡಚಬಹುದು, ಆದರೆ ಹತ್ತಿರದ ಓಡಾಟಕ್ಕೆ ಮಾತ್ರ. ಹೊಲಿಗೆಯಲ್ಲಿ ನೀರು ಸೋರುವುದೇ ಹೆಚ್ಚು. ವಾರವಾರ ಮೀನು ತರುವವರಿಗೆ ಪಫ್ (ಪಾಲಿಯುರೆಥೇನ್ ಫೋಮ್) ತುಂಬಿದ ಗಟ್ಟಿ ಪ್ಲಾಸ್ಟಿಕ್ ಬಾಕ್ಸೇ ಸರಿ.

ಕೊಳ್ಳುವಾಗ ಮೊದಲು ಮುಚ್ಚಳ ತಟ್ಟಿ. ಟೊಳ್ಳು ಸದ್ದು ಬಂದರೆ ಒಳಗೆ ಫೋಮ್ ಇಲ್ಲ, ಬರೀ ಗಾಳಿ. ಗೋಡೆ ದಪ್ಪ ಮಾಡಿ ಮುಚ್ಚಳದಲ್ಲಿ ಉಳಿಸುವ ಜಾಣತನ ಅಗ್ಗದ ಬಾಕ್ಸ್‌ಗಳಲ್ಲಿ ಸಾಮಾನ್ಯ. ತಳದಲ್ಲಿ ನೀರು ಬಿಡುವ ಬಿರಡೆ ಇರಲೇಬೇಕು. ಚಕ್ರಕ್ಕೆಂದು ದುಡ್ಡು ಸುರಿಯಬೇಡಿ. ಮಾರುಕಟ್ಟೆಯ ಒದ್ದೆ ನೆಲ, ಮೆಟ್ಟಿಲುಗಳಲ್ಲಿ ಕೊನೆಗೆ ಹೊರುವುದೇ ಗತಿ.

ಅಳತೆಯಲ್ಲಿ ಮೋಸ ಹೋಗುವವರು ಬಹಳ. 30 ಡಿಗ್ರಿಯಲ್ಲಿರುವ ಒಂದು ಕಿಲೋ ಮೀನನ್ನು ಸೊನ್ನೆಗೆ ಇಳಿಸಲು ಸುಮಾರು ಮೂರನೇ ಒಂದು ಕಿಲೋ ಐಸ್ ಕರಗುತ್ತದೆ. ಗೋಡೆಯಿಂದ ನುಗ್ಗುವ ಶಾಖ, ಮುಚ್ಚಳ ತೆರೆದಾಗಿನ ನಷ್ಟ ಸೇರಿಸಿದರೆ ಮೀನಿನಷ್ಟೇ ತೂಕದ ಐಸ್ ಬೇಕು. ಪುಡಿ ಐಸ್ ಕಿಲೋಗೆ ಹತ್ತಿರಹತ್ತಿರ ಎರಡು ಲೀಟರ್ ಜಾಗ ಹಿಡಿಯುತ್ತದೆ. ಹಾಗಾಗಿ 20 ಲೀಟರಿನ ಬಾಕ್ಸ್ ಅಂದರೆ ನಾಲ್ಕೈದು ಕಿಲೋ ಮೀನು, ಅಷ್ಟೇ.

ಐಸ್ ಪುಡಿಯೇ ಇರಲಿ. ದೊಡ್ಡ ಗಡ್ಡೆ ಹೆಚ್ಚು ಹೊತ್ತು ಉಳಿಯುತ್ತದೆ ನಿಜ, ಆದರೆ ಮೀನಿಗೆ ತಾಗುವುದು ಒಂದೆರಡು ಕಡೆ ಮಾತ್ರ. ಜೆಲ್ ಪ್ಯಾಕಿನ ಕಥೆಯೂ ಅದೇ. ತಳಕ್ಕೆ ಎರಡು ಇಂಚು ಐಸ್, ಮೇಲೆ ಮೀನು, ಮತ್ತೆ ಐಸ್, ಹೀಗೆ ಪದರ ಹಾಕಿ ಎಲ್ಲಕ್ಕಿಂತ ಮೇಲಿನದನ್ನು ದಪ್ಪ ಮಾಡಿ. ಕರಗಿದ ತಣ್ಣೀರು ಮೀನಿನ ಮೈಮೇಲೆ ಇಳಿಯುತ್ತ ಶಾಖ ಎಳೆದುಕೊಳ್ಳುತ್ತದೆ. ಇಳಿದ ನೀರು ತಳದಲ್ಲಿ ನಿಂತರೆ ಮಾತ್ರ ರಕ್ತ ಬೆರೆತು ಕೆಳಗಿನ ಮೀನು ಕೆಡುತ್ತದೆ. ಬಿರಡೆ ಇರುವುದು ಅದಕ್ಕೆ. ಹೊಟ್ಟೆ ಸೀಳಿಸಿದ ಮೀನನ್ನು ಸೀಳು ಕೆಳಮುಖವಾಗಿ ಇಡಿ. ಸಿಗಡಿ ನೀರಲ್ಲಿ ನೆನೆದರೆ ರುಚಿ ಬಿಡುತ್ತದೆ, ಕವರಿನಲ್ಲಿ ಕಟ್ಟಿ ಐಸಿನ ನಡುವೆ ಹೂತಿಡಿ. ಜೀವಂತ ಚಿಪ್ಪುಮೀನು ಮಾತ್ರ, ಐಸ್ ಕರಗಿದ್ದು ಸಿಹಿನೀರಾದ್ದರಿಂದ, ಅದರಲ್ಲಿ ಸಾಯುತ್ತದೆ. ಬೇರೆಯಾಗಿ ಒದ್ದೆ ಬಟ್ಟೆ ಹೊದಿಸಿದರಾಯಿತು.

ಜಾಗ ಉಳಿಯಿತೆಂದು ಬಾಳೆಹಣ್ಣು ತುರುಕಬೇಡಿ. 13 ಡಿಗ್ರಿಗಿಂತ ಕೆಳಗೆ ಅದರ ಸಿಪ್ಪೆ ಕಪ್ಪಾಗುತ್ತದೆ.

ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿದ್ದ ಬಾಕ್ಸಿಗೆ ನೇರ ಐಸ್ ತುಂಬಿದರೆ ಮೊದಲು ಬಾಕ್ಸ್ ತಣಿಯಲೆಂದೇ ಒಂದಷ್ಟು ಕರಗಿಹೋಗುತ್ತದೆ. ತೊಳೆಯಲು ಉಗುರು ಬೆಚ್ಚಗಿನ ಸೋಪು ನೀರು ಸಾಕು, ಕುದಿನೀರಿಗೆ ಒಳಗೋಡೆ ಸೊಟ್ಟಗಾದೀತು. ಬಿರಡೆಯ ರಬ್ಬರ್ ವಾಷರ್ ತೆಗೆದು ಉಜ್ಜಿ, ಮುಚ್ಚಳ ತೆರೆದೇ ಒಣಗಿಸಿ. ನಾತ ಮನೆಮಾಡುವುದು ಆ ವಾಷರಿನ ಹಿಂದೆಯೇ.