ಮರಿಮೀನಿನ ಮೊದಲ ತುತ್ತು: ಆರು ಆಹಾರ ಕೊಟ್ಟು ನೋಡಿದ್ದು

ಫೈಟರ್ ಮೀನಿಗೆ ಮೊಟ್ಟೆ ಇಡಿಸುವುದು ಅಂಥ ಕಷ್ಟದ ಕೆಲಸವಲ್ಲ. ನೀರು 27–28 ಡಿಗ್ರಿ ಬೆಚ್ಚಗಿದ್ದು, ಗಂಡು ಗುಳ್ಳೆಗೂಡು ಕಟ್ಟಿ, ಹೆಣ್ಣಿನ ಹೊಟ್ಟೆ ತುಂಬಿಕೊಂಡಿದ್ದರೆ ಮುಂದಿನದನ್ನು ಅವೇ ನೋಡಿಕೊಳ್ಳುತ್ತವೆ. ಒಂದೂವರೆ ದಿನದ ಹೊತ್ತಿಗೆ ಮೊಟ್ಟೆಯೊಡೆದು ಮರಿಗಳು ಗೂಡಿನಡಿ ಬಾಲ ಇಳಿಬಿಟ್ಟು ನೇತಾಡತೊಡಗುತ್ತವೆ. ಜಾರಿ ಬಿದ್ದ ಮರಿಯನ್ನು ಗಂಡು ಬಾಯಲ್ಲಿ ಹಿಡಿದು ತಂದು ಮತ್ತೆ ಗುಳ್ಳೆಯೊಳಗೆ ಸೇರಿಸುತ್ತದೆ. ಆ ಎರಡು-ಮೂರು ದಿನ ಹೊಟ್ಟೆಗಂಟಿದ ಹಳದಿಯ ಚೀಲವೇ ಮರಿಗೆ ಊಟ. ಅದು ಕರಗಿ, ಮರಿ ಮೈ ಅಡ್ಡಕ್ಕಿಟ್ಟು ಈಜಲು ಶುರುಮಾಡಿದ ದಿನದಿಂದ ಹೊಣೆ ನಮ್ಮದು. ನಾನು ಸೋತದ್ದು ಅಲ್ಲೇ. ಮೊದಲ ಎರಡು ಸಲವೂ ಇನ್ನೂರಕ್ಕೆ ಮಿಕ್ಕಿ ಮರಿಗಳಾದವು; ಹತ್ತನೇ ದಿನಕ್ಕೆ ಬೆರಳೆಣಿಕೆಯಷ್ಟೇ ಉಳಿದಿದ್ದವು.

ಏನು ತಿನ್ನಿಸಬೇಕು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಮೊಟ್ಟೆಯ ಹಳದಿ ಸಾಕು ಎನ್ನುವವರಿದ್ದಾರೆ, ಇನ್ಫ್ಯೂಸೋರಿಯಾ (ನೀರಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು) ಇಲ್ಲದೆ ಆಗದು ಎನ್ನುವವರಿದ್ದಾರೆ, ಆರ್ಟೀಮಿಯಾ (ಸೀಗಡಿಯಂಥ ಉಪ್ಪುನೀರಿನ ಪುಟ್ಟ ಜೀವಿಯ ಮರಿ) ಬಿಟ್ಟು ಬೇರೇನೂ ಬೇಡ ಎನ್ನುವವರೂ ಇದ್ದಾರೆ. ಬೇರೆ ಬೇರೆ ಜೋಡಿಯ ಮರಿಗಳಿಗೆ, ಬೇರೆ ಬೇರೆ ನೀರಿನಲ್ಲಿ ಕೊಟ್ಟು ಹೇಳಿದ ಮಾತನ್ನು ಅಕ್ಕಪಕ್ಕ ಇಟ್ಟು ನೋಡಲಾಗುವುದಿಲ್ಲ. ಹಾಗಾಗಿ ಮೂರನೇ ಸಲ ಒಂದೇ ಜೋಡಿಯ, ಒಂದೇ ದಿನ ಈಜಲು ಶುರುಮಾಡಿದ 180 ಮರಿಗಳನ್ನು ಆರು ಡಬ್ಬಿಗಳಿಗೆ ಮೂವತ್ತರಂತೆ ಹಂಚಿದೆ. ಬಲೆ ಮುಟ್ಟಿಸಲಿಲ್ಲ, ಲೋಟದಲ್ಲಿ ನೀರಿನ ಸಮೇತ ಮೊಗೆದು ಬಿಟ್ಟೆ. ಎಂಟೆಂಟು ಲೀಟರಿನ ಆ ಡಬ್ಬಿಗಳನ್ನೆಲ್ಲ ಹೀಟರ್ ಇರುವ ಒಂದೇ ದೊಡ್ಡ ತೊಟ್ಟಿಯ ನೀರಿನಲ್ಲಿ ಅರ್ಧ ಮುಳುಗಿಸಿಟ್ಟೆ, ಬಿಸಿ ಎಲ್ಲಕ್ಕೂ ಒಂದೇ ಇರಲಿ ಎಂದು. ಪ್ರತಿ ಡಬ್ಬಿಗೂ ಒಂದು ಪುಟ್ಟ ಸ್ಪಂಜ್ ಫಿಲ್ಟರ್, ಗುಳ್ಳೆ ಒಂದೊಂದಾಗಿ ಏಳುವಷ್ಟೇ ಗಾಳಿ. ದಿನಕ್ಕೊಮ್ಮೆ ಏರ್‌ಪಂಪಿನ ಸಣ್ಣ ಪೈಪಿನಿಂದ ತಳದ ಕೊಳೆ ಎಳೆದು, ಕಾಲು ಭಾಗ ನೀರು ಬದಲು. ಎಂಟು ದಿನ ಒಂದು ಡಬ್ಬಿಗೆ ಒಂದೇ ಆಹಾರ. ಆಮೇಲೆ ಎಲ್ಲಕ್ಕೂ ಆರ್ಟೀಮಿಯಾ.

ಸೋತ ಎರಡನ್ನು ಮೊದಲು ಹೇಳಿ ಮುಗಿಸುತ್ತೇನೆ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಕೊಟ್ಟ ಡಬ್ಬಿಯಲ್ಲಿ ಎಂಟನೇ ದಿನಕ್ಕೆ ಉಳಿದದ್ದು 5 ಮರಿ. ಎಷ್ಟೇ ಕಡಿಮೆ ಹಾಕಿದರೂ ಸಂಜೆಗೆ ನೀರು ಮಬ್ಬಾಗುತ್ತಿತ್ತು. ನೀರು ಕೆಟ್ಟಿದೆ ಎಂದು ಅಮೋನಿಯಾ ಪರೀಕ್ಷೆಯ ಬಣ್ಣ ದಿನವೂ ಹಸಿರಿಗೆ ತಿರುಗುತ್ತಿತ್ತು. ನುಣ್ಣನೆಯ ಪುಡಿ ಆಹಾರದ ಡಬ್ಬಿಯಲ್ಲಿ 11 ಉಳಿದವು. ಪುಡಿ ಕೆಟ್ಟದ್ದಲ್ಲ, ಆದರೆ ಅದು ಅಲುಗುವುದಿಲ್ಲ. ಮರಿ ಬೇಟೆಯಾಡುವುದನ್ನು ಒಮ್ಮೆ ಭೂತಗನ್ನಡಿ ಹಿಡಿದು ನೋಡಬೇಕು: ಎರಡೂ ಕಣ್ಣನ್ನು ಬೇಟೆಯ ಕಡೆ ತಿರುಗಿಸಿ, ಮೈಯನ್ನು ಬಿಲ್ಲಿನಂತೆ ಬಾಗಿಸಿ, ಒಂದು ಕ್ಷಣ ತಡೆದು, ಚಿಮ್ಮುತ್ತದೆ. ಎದುರಿಗಿದ್ದದ್ದು ಮಿಸುಕಿದರೆ ಮಾತ್ರ ಈ ಆಟ. ಪುಡಿಯ ಕಣಗಳು ಮೂಗಿನ ಮುಂದೆಯೇ ತೇಲಿ ಹೋದರೂ ಬಹುಪಾಲು ಮರಿಗಳು ತಿರುಗಿಯೂ ನೋಡಲಿಲ್ಲ.

ಇನ್ನು ಜೀವಂತ ಆಹಾರ ನಾಲ್ಕು.

ಇನ್ಫ್ಯೂಸೋರಿಯಾ ಮಾಡುವುದಕ್ಕೆ ಕಾಸಿನ ಖರ್ಚಿಲ್ಲ. ಗಾಜಿನ ಜಾಡಿಗೆ ಹಳೆಯ ತೊಟ್ಟಿಯ ನೀರು, ಸ್ಪಂಜ್ ಹಿಂಡಿದ ಒಂದಿಷ್ಟು ಕೊಳೆ, ನಾಲ್ಕು ಒಣ ಎಲೆ. ಎರಡನೇ ದಿನ ನೀರು ಹಾಲಿನಂತಾಗಿ ನಾರುತ್ತದೆ. ಅದು ಬ್ಯಾಕ್ಟೀರಿಯಾದ ಹೊತ್ತು, ಆಗ ಮುಟ್ಟಬಾರದು. ನಾಲ್ಕೈದು ದಿನಕ್ಕೆ ಪ್ಯಾರಮೀಸಿಯಮ್ಮಿನಂಥ ಜೀವಿಗಳು ಆ ಬ್ಯಾಕ್ಟೀರಿಯಾವನ್ನು ತಿಂದು ಹೆಚ್ಚುತ್ತವೆ, ನೀರು ತಾನಾಗಿ ತಿಳಿಯಾಗುತ್ತದೆ. ಜಾಡಿಯನ್ನು ಬೆಳಕಿಗೆ ಹಿಡಿದರೆ ಬಿಳಿ ದೂಳು ತನ್ನಷ್ಟಕ್ಕೆ ಓಡಾಡುವುದು ಕಾಣುತ್ತದೆ. ಪ್ಯಾರಮೀಸಿಯಮ್ ಮಿಲಿಮೀಟರಿನ ಕಾಲು ಭಾಗದ ಆಸುಪಾಸು ಇರುವುದರಿಂದ ತೀಕ್ಷ್ಣ ಕಣ್ಣಿಗೆ ಚುಕ್ಕಿಯಾಗಿ ಸಿಕ್ಕುತ್ತದೆ. ಹೊರಗಿನ ಕೊಳದ ನೀರಿನಿಂದ ಶುರುಮಾಡಿದರೆ ಬೇಗ ಕುದುರುತ್ತದೆ ಎನ್ನುತ್ತಾರೆ. ಮರಿಗಳನ್ನು ಹಿಡಿದು ತಿನ್ನುವ ಹೈಡ್ರಾ ಎಂಬ ಪುಟ್ಟ ಜೀವಿಯೂ ಜೊತೆಗೆ ಬರುವ ಭಯಕ್ಕೆ ನಾನು ಆ ದಾರಿ ಹಿಡಿದಿಲ್ಲ, ಹೈಡ್ರಾ ಹೊಕ್ಕ ಡಬ್ಬಿಯಲ್ಲಿ ಮರಿ ಉಳಿಸುವುದು ಬಲು ಕಷ್ಟ. ಎಂಟನೇ ದಿನ ಈ ಡಬ್ಬಿಯಲ್ಲಿ 24 ಇದ್ದವು. ಇದರ ದೊಡ್ಡ ಗುಣ ಎಂದರೆ ಸಿಹಿನೀರಿನ ಜೀವಿಯಾದ್ದರಿಂದ ಸಾಯದೆ ರಾತ್ರಿಯಿಡೀ ಸುತ್ತಾಡುತ್ತಿರುತ್ತದೆ, ಬೆಳಗಾದೊಡನೆ ಮರಿಯ ಬಾಯ ಮುಂದೆ ಇರುತ್ತದೆ. ದೋಷವೂ ಇದೆ. ಲೋಟದಲ್ಲಿ ಎಷ್ಟು ಜೀವಿಗಳಿವೆ ಎಂಬ ಅಂದಾಜು ಸಿಗುವುದಿಲ್ಲ, ಜಾಡಿಯ ಕೊಳಕು ನೀರೂ ಡಬ್ಬಿ ಸೇರುತ್ತದೆ. ಆರನೇ ದಿನದಿಂದ ಮರಿಗಳ ಹೊಟ್ಟೆ ಒಳಗೆ ಸರಿದಂತೆ ಕಾಣತೊಡಗಿತು. ಮರಿ ಬೆಳೆದಿತ್ತು, ತುತ್ತು ಬೆಳೆದಿರಲಿಲ್ಲ.

ವಿನೆಗರ್ ಈಲ್ ಬಗ್ಗೆ ನನಗೆ ನಂಬಿಕೆ ಕಡಿಮೆ ಇತ್ತು. ಹೆಸರಿನಲ್ಲಿ ಈಲ್ ಇದ್ದರೂ ಇದು ಮೀನಲ್ಲ, ಒಂದೆರಡು ಮಿಲಿಮೀಟರ್ ಉದ್ದದ, ಕೂದಲಿಗಿಂತ ದಪ್ಪವಲ್ಲದ ದುಂಡುಹುಳು. 17ನೇ ಶತಮಾನದಲ್ಲಿ ಸೂಕ್ಷ್ಮದರ್ಶಕ ಹಿಡಿದವರು ಮೊದಮೊದಲು ನೋಡಿದ ಜೀವಿಗಳಲ್ಲಿ ಇದೂ ಒಂದು. ಸೇಬಿನ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಒಂದು ಹೋಳು ಸೇಬು ಹಾಕಿ, ಸ್ವಲ್ಪ ಹುಳು ಬಿಟ್ಟರೆ ತಿಂಗಳೊಳಗೆ ಬಾಟಲಿ ತುಂಬ ಕಿಕ್ಕಿರಿಯುತ್ತವೆ. ಆಮೇಲೆ ತಿಂಗಳುಗಟ್ಟಲೆ ತಿರುಗಿ ನೋಡದಿದ್ದರೂ ಬದುಕಿರುತ್ತವೆ. ನಾರುವುದಿಲ್ಲ, ಕೊಳೆಯುವುದಿಲ್ಲ.

ಕಷ್ಟವಿರುವುದು ಹೊರತೆಗೆಯುವುದರಲ್ಲಿ, ಹುಳುವಿನ ಜೊತೆ ವಿನೆಗರ್ ತೊಟ್ಟಿಗೆ ಹೋಗಬಾರದು. ಇದಕ್ಕೊಂದು ಸೊಗಸಾದ ಉಪಾಯವಿದೆ. ಉದ್ದ ಕತ್ತಿನ ಬಾಟಲಿಗೆ ಕತ್ತಿನ ಬುಡದವರೆಗೆ ಹುಳುವಿರುವ ವಿನೆಗರ್ ಸುರಿಯಬೇಕು. ಫಿಲ್ಟರಿಗೆ ಹಾಕುವ ಬಿಳಿ ಹತ್ತಿಯನ್ನು ಉಂಡೆ ಮಾಡಿ, ವಿನೆಗರನ್ನು ಮುಟ್ಟುವಂತೆ ಕತ್ತಿನೊಳಗೆ ತುರುಕಬೇಕು. ಅದರ ಮೇಲೆ ಮೆಲ್ಲಗೆ ಶುದ್ಧ ನೀರು. ಹುಳುಗಳು ಗಾಳಿ ಹುಡುಕಿಕೊಂಡು ಹತ್ತಿಯ ಸಂದಿನಿಂದ ತೂರಿ ಮೇಲಕ್ಕೆ ಬರುತ್ತವೆ. ರಾತ್ರಿ ಇಟ್ಟರೆ ಬೆಳಗ್ಗೆ ಕತ್ತಿನ ನೀರಿನಲ್ಲಿ ಬೆಳ್ಳನೆಯ ಮೋಡ. ಡ್ರಾಪರಿನಲ್ಲಿ ಎಳೆದು ನೇರ ಡಬ್ಬಿಗೆ ಬಿಡಬಹುದು.

ಈ ಡಬ್ಬಿಯಲ್ಲಿ ಎಂಟನೇ ದಿನ 28 ಮರಿಗಳಿದ್ದವು. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವಿನೆಗರ್ ಈಲ್ ಸಿಹಿನೀರಿನಲ್ಲಿ ಹಲವು ದಿನ ಬದುಕುತ್ತದೆ, ತಳ ಸೇರದೆ ಮೇಲುನೀರಿನಲ್ಲೇ ಹೊರಳಾಡುತ್ತಿರುತ್ತದೆ. ಈಜಲು ಕಲಿತ ಮೊದಲ ದಿನಗಳ ಫೈಟರ್ ಮರಿ ಇರುವುದೂ ಅಲ್ಲೇ. ನಾನು ಕೆಲಸಕ್ಕೆ ಹೋಗಿ ಬರುವ ಹತ್ತು ಗಂಟೆಯೂ ಮರಿಗಳ ಮುಂದೆ ಊಟ ಇತ್ತು. ಒಂದು ಕೊರತೆ ಮಾತ್ರ ಎದ್ದು ಕಾಣುತ್ತಿತ್ತು: ಮರಿಗಳು ಬದುಕಿದವು, ಬೆಳೆದದ್ದು ನಿಧಾನ. ಎಂಟನೇ ದಿನ ಆರ್ಟೀಮಿಯಾ ಡಬ್ಬಿಯ ಮರಿಗಳ ಪಕ್ಕ ಇಟ್ಟರೆ ಇವು ತಮ್ಮಂದಿರಂತೆ ಕಾಣುತ್ತಿದ್ದವು.

ಮೈಕ್ರೋವರ್ಮ್ ಕೂಡ ದುಂಡುಹುಳುವೇ. ಗಟ್ಟಿಯಾಗಿ ಬೇಯಿಸಿದ ಓಟ್ಸ್ ಗಂಜಿಯ ಮೇಲೆ ಚಿಟಿಕೆ ಯೀಸ್ಟ್ ಉದುರಿಸಿ ಹುಳು ಬಿಟ್ಟರೆ ನಾಲ್ಕೈದು ದಿನಕ್ಕೆ ಡಬ್ಬಿಯ ಗೋಡೆ ಹತ್ತುತ್ತವೆ, ಬೆರಳಿನಿಂದ ಒರೆಸಿ ನೀರಿಗೆ ಅದ್ದಿದರೆ ಮುಗಿಯಿತು. ತೆಗೆಯುವುದು ಇಷ್ಟು ಸುಲಭವಾದ ಜೀವಂತ ಆಹಾರ ಇನ್ನೊಂದಿಲ್ಲ. ಮೂರು-ನಾಲ್ಕು ವಾರಕ್ಕೆ ಗಂಜಿ ಹುಳಿತು ನೀರಾಗುತ್ತದೆ, ಅಷ್ಟರಲ್ಲಿ ಹೊಸ ಡಬ್ಬಿಗೆ ಹೆಪ್ಪು ಹಾಕಿದಂತೆ ಒಂದು ಚಮಚ ದಾಟಿಸಿರಬೇಕು. ಆದರೆ ಮೈಕ್ರೋವರ್ಮ್ ನೀರಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ತಳ ಸೇರುತ್ತದೆ. ಮರಿ ಮೇಲೆ, ಊಟ ಕೆಳಗೆ. ಮೂರನೇ ದಿನದಿಂದ ಕೆಲವು ಮರಿಗಳು ತಳಕ್ಕಿಳಿದು ಹೆಕ್ಕಲು ಕಲಿತವು, ಕಲಿಯದವು ಸತ್ತವು. ಎಂಟನೇ ದಿನಕ್ಕೆ 23. ಇದನ್ನು ತಿಂದ ಫೈಟರ್ ಮರಿಗಳಿಗೆ ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆ ಬೆಳೆಯುವುದಿಲ್ಲ ಎಂಬ ಮಾತು ಸಾಕುವವರ ಬಾಯಲ್ಲಿದೆ. ದೊಡ್ಡವಾದ ಮೇಲೆ ನೋಡಿದೆ: ಈ ಡಬ್ಬಿಯ ಎರಡು ಮೀನಿಗೆ ಆ ರೆಕ್ಕೆ ಸರಿಯಾಗಿ ಬರಲಿಲ್ಲ, ವಿನೆಗರ್ ಈಲ್ ಡಬ್ಬಿಯಲ್ಲೂ ಒಂದಕ್ಕೆ ಹಾಗೇ ಆಗಿತ್ತು. ಹುಳುವಿಗಿಂತ, ತಿನ್ನದೆ ಉಳಿದ ಹುಳು ಕೊಳೆತ ತಳವೇ ಕಾರಣವಿರಬೇಕು ಎಂಬುದು ನನ್ನ ಗುಮಾನಿ.

ಆರ್ಟೀಮಿಯಾ ಎಲ್ಲರೂ ಹೊಗಳುವ ಆಹಾರ, ಹೊಗಳಿಕೆಗೆ ತಕ್ಕದ್ದೇ. ಲೀಟರ್ ನೀರಿಗೆ ಸುಮಾರು 25 ಗ್ರಾಂ ಉಪ್ಪು, ಚಿಟಿಕೆ ಅಡುಗೆ ಸೋಡಾ, ತಲೆಕೆಳಗಾಗಿ ನಿಲ್ಲಿಸಿದ ಬಾಟಲಿ, ಜೋರಾದ ಗಾಳಿ, ಮೇಲೊಂದು ದೀಪ. ಅದರಲ್ಲಿ ಹಾಕಿದ ಆರ್ಟೀಮಿಯಾ ಮೊಟ್ಟೆ 28 ಡಿಗ್ರಿಯಲ್ಲಿ ಒಂದು ದಿನಕ್ಕೆ ಒಡೆಯುತ್ತದೆ, ತಣ್ಣಗಿದ್ದರೆ ಒಂದೂವರೆ ದಿನ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಚಿಪ್ಪು ಮೇಲೆ ತೇಲುತ್ತದೆ. ತಳದ ಬಳಿ ಟಾರ್ಚ್ ಹಿಡಿದರೆ ಕಿತ್ತಳೆ ಬಣ್ಣದ ಆರ್ಟೀಮಿಯಾ ಮರಿಗಳು ಬೆಳಕಿನ ಕಡೆ ಬಂದು ಗುಂಪಾಗುತ್ತವೆ. ಅಲ್ಲಿಂದ ಎಳೆದು, ನುಣುಪು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಕೊಡಬೇಕು. ಒಡೆದು ಹೊರಬಂದ ಆರ್ಟೀಮಿಯಾ ಮೊದಲು ಏನೂ ತಿನ್ನದೆ ತನ್ನೊಳಗಿನ ಹಳದಿಯನ್ನೇ ಕರಗಿಸಿಕೊಂಡು ಬದುಕುತ್ತದೆ. ನಾವು ಕೊಡುವುದು ತಡವಾದಷ್ಟೂ ಅದರ ಸತ್ವ ಇಳಿಯುತ್ತದೆ. ಬೆಳಗ್ಗೆ ತೆಗೆದದ್ದನ್ನು ಸಂಜೆಯವರೆಗೆ ಇಡುವುದಾದರೆ ಫ್ರಿಜ್ಜಿನಲ್ಲಿಟ್ಟರೆ ಆ ಇಳಿತ ನಿಧಾನವಾಗುತ್ತದೆ.

ಮೊದಲ ದಿನದಿಂದ ಇದನ್ನೇ ಕೊಟ್ಟ ಡಬ್ಬಿಯಲ್ಲಿ ಎಂಟನೇ ದಿನ ಉಳಿದದ್ದು 19 ಮಾತ್ರ. ನನಗೆ ಇದು ಅನಿರೀಕ್ಷಿತ. ಹೊಸದಾಗಿ ಒಡೆದ ಆರ್ಟೀಮಿಯಾ ಅರ್ಧ ಮಿಲಿಮೀಟರಿನ ಹತ್ತಿರ ಇರುತ್ತದೆ. ಈಜತೊಡಗಿದ ಫೈಟರ್ ಮರಿಯ ಉದ್ದವೇ ಮೂರೂವರೆ-ನಾಲ್ಕು ಮಿಲಿಮೀಟರ್. ಬಾಯಿ ದೊಡ್ಡದಿದ್ದ ಮರಿಗಳು ಮೊದಲ ಸಂಜೆಯೇ ನುಂಗಿ ಹೊಟ್ಟೆ ಕಿತ್ತಳೆ ಮಾಡಿಕೊಂಡವು. ಚಿಕ್ಕವು ಹಿಡಿದು, ಉಗುಳಿ, ಮತ್ತೆ ಹಿಡಿದು, ನಾಲ್ಕನೇ ದಿನಕ್ಕೆ ಸೋತವು. ಮೇಲಾಗಿ ಇದು ಉಪ್ಪುನೀರಿನ ಜೀವಿ, ಸಿಹಿನೀರಿನಲ್ಲಿ ಕೆಲವು ಗಂಟೆ ಮಾತ್ರ ಬದುಕುತ್ತದೆ. ಸತ್ತದ್ದು ತಳ ಸೇರಿ ನೀರು ಕೆಡಿಸುತ್ತದೆ. ಎರಡು ಪುಟ್ಟ ಬಸವನಹುಳು ಬಿಟ್ಟಿದ್ದರಿಂದ ಆ ತೊಂದರೆ ಅರ್ಧ ತಗ್ಗಿತು. ಉಳಿದ 19 ಮರಿಗಳು ಮಾತ್ರ ಉಳಿದೆಲ್ಲ ಡಬ್ಬಿಗಳ ಮರಿಗಳಿಗಿಂತ ದೊಡ್ಡವು, ಗಟ್ಟಿಮುಟ್ಟಾದವು.

ಎಲ್ಲ ಡಬ್ಬಿಗೂ ಆರ್ಟೀಮಿಯಾ ಕೊಡತೊಡಗಿ 21ನೇ ದಿನ ಎಣಿಸಿದಾಗ ವಿನೆಗರ್ ಈಲ್ ಡಬ್ಬಿಯಲ್ಲಿ 27, ಇನ್ಫ್ಯೂಸೋರಿಯಾ ಮತ್ತು ಮೈಕ್ರೋವರ್ಮ್ ಡಬ್ಬಿಗಳಲ್ಲಿ 21 ಮತ್ತು 21, ಆರ್ಟೀಮಿಯಾ ಡಬ್ಬಿಯಲ್ಲಿ ಅದೇ 19. ಗಾತ್ರದಲ್ಲಿ ವಿನೆಗರ್ ಡಬ್ಬಿಯವು ಬಹುಮಟ್ಟಿಗೆ ಸರಿಗಟ್ಟಿದ್ದವು. ಯಾವ ಆಹಾರದಲ್ಲಿ ಸತ್ವ ಹೆಚ್ಚು ಎಂದು ಹುಡುಕುತ್ತಿದ್ದವನಿಗೆ ಆಗ ತಿಳಿದದ್ದು ಇಷ್ಟು: ಮೊದಲ ನಾಲ್ಕೈದು ದಿನ ಸತ್ವಕ್ಕಿಂತ ಮುಖ್ಯವಾದದ್ದು ಆ ತುತ್ತು ಎಷ್ಟು ಹೊತ್ತು ಜೀವಂತ ಇರುತ್ತದೆ, ಮರಿ ಇರುವ ಮಟ್ಟದಲ್ಲೇ ಇರುತ್ತದೆಯೇ ಎನ್ನುವುದು.

ಹಾಗೆಂದು ವಿನೆಗರ್ ಈಲ್ ಎಲ್ಲ ಮೀನಿಗೂ ಸರಿಹೊಂದದು. ಹನಿ ಗೌರಾಮಿಯ ಮರಿ ಫೈಟರಿಗಿಂತಲೂ ಸಣ್ಣದು. ಅದಕ್ಕೆ ಈ ಹುಳುವೂ ಉದ್ದವಾಯಿತು. ಇನ್ಫ್ಯೂಸೋರಿಯಾ ಇಲ್ಲದೆ ನಾನು ಒಂದು ಗೌರಾಮಿಯನ್ನೂ ಬದುಕಿಸಲಾಗಲಿಲ್ಲ. ನಿಯಾನ್ ಟೆಟ್ರಾದಂಥ ಸಣ್ಣಬಾಯಿಯ ಮರಿಗಳ ಮಾತೂ ಇದೇ. ತಳದಲ್ಲಿ ಬದುಕುವ ಕೋರಿಡೋರಸ್ ಮೀನಿಗೆ ಬಂದರೆ ಲೆಕ್ಕ ತಿರುಗಿಬೀಳುತ್ತದೆ. ಅದರ ಮರಿ ತಳದಲ್ಲೇ ಮೀಸೆಯಾಡಿಸಿಕೊಂಡು ತಿನ್ನುವಂಥದ್ದು, ಆದ್ದರಿಂದ ಫೈಟರ್ ಡಬ್ಬಿಯಲ್ಲಿ ದೋಷವಾಗಿದ್ದ ಮೈಕ್ರೋವರ್ಮಿನ ಮುಳುಗುವ ಗುಣ ಇಲ್ಲಿ ವರ. ಏಂಜೆಲ್ ಮೀನಿನ ಮರಿಗಳು ಈಜತೊಡಗಿದ ದಿನವೇ ಆರ್ಟೀಮಿಯಾ ನುಂಗುತ್ತವೆ. ಗಪ್ಪಿಯ ಮರಿ ಹುಟ್ಟುವಾಗಲೇ ಆರೇಳು ಮಿಲಿಮೀಟರ್ ಇರುವುದರಿಂದ ಪುಡಿ ಆಹಾರದಲ್ಲೂ ಬೆಳೆಯುತ್ತದೆ.

ಈಗ ಫೈಟರ್ ಜೋಡಿ ಬಿಡುವ ತಿಂಗಳ ಮುಂಚೆಯೇ ಎರಡು ವಿನೆಗರ್ ಬಾಟಲಿ ತಯಾರಿರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದು. ಜೋಡಿ ಬಿಟ್ಟ ದಿನವೇ ಇನ್ಫ್ಯೂಸೋರಿಯಾ ಜಾಡಿಗೆ ಎಲೆ ಹಾಕುತ್ತೇನೆ. ಮರಿ ಈಜುವ ಹೊತ್ತಿಗೆ ಅದು ತಿಳಿಯಾಗಿರುತ್ತದೆ, ತೀರ ಚಿಕ್ಕ ಮರಿಗಳಿಗೆ ಮೊದಲ ಎರಡು ದಿನ ಆಸರೆ. ಮೂರನೇ ದಿನದಿಂದ ವಿನೆಗರ್ ಈಲ್ ಜೊತೆಗೇ ದಿನಕ್ಕೆರಡು ಸಲ ತುಸುವೇ ಆರ್ಟೀಮಿಯಾ. ಕೊಟ್ಟು ಅರ್ಧ ಗಂಟೆಗೆ ಟಾರ್ಚ್ ಹಿಡಿದು ಹೊಟ್ಟೆಗಳನ್ನು ನೋಡುತ್ತೇನೆ. ಕಿತ್ತಳೆಯಾಗದ ಹೊಟ್ಟೆ ಒಂದೂ ಕಾಣದ ದಿನ ವಿನೆಗರ್ ಈಲ್ ನಿಲ್ಲಿಸುತ್ತೇನೆ. ಹೋದ ಸಲ ಅದು ಒಂಬತ್ತನೇ ದಿನವಾಗಿತ್ತು.