ಗಾಲ್ಫ್ ಸಲಕರಣೆಯ ಅಂಗೀಕೃತ ಪಟ್ಟಿ: ಅಳತೆ ಪಕ್ಕಾ, ತೀರ್ಮಾನ ಕಚ್ಚಾ

ಚೆಂಡಿನ ತೂಕ 45.93 ಗ್ರಾಂ ದಾಟಬಾರದು, ವ್ಯಾಸ 42.67 ಮಿ.ಮೀ.ಗಿಂತ ಕಮ್ಮಿ ಇರಬಾರದು. ಡ್ರೈವರ್, ಅಂದರೆ ಅತಿ ದೂರ ಹೊಡೆಯುವ ಕ್ಲಬ್ಬಿನ (ಕೋಲಿನ) ತಲೆ 460 ಸಿಸಿ ಮೀರಬಾರದು. ಈ ಗೆರೆಗಳನ್ನು ಎಳೆಯುವ ನಿಯಮ ಸಂಸ್ಥೆಗಳು ಎರಡು: ಅಮೆರಿಕ, ಮೆಕ್ಸಿಕೊಗೆ ಯುಎಸ್‌ಜಿಎ, ಮಿಕ್ಕ ಜಗತ್ತಿಗೆಲ್ಲ ಸೇಂಟ್ ಆ್ಯಂಡ್ರೂಸ್‌ನ ಆರ್ ಅಂಡ್ ಎ. ಇವರು ಪಾಸು ಮಾಡಿದ ಮಾಡೆಲ್‌ಗಳ ಅಂಗೀಕೃತ ಪಟ್ಟಿ ಆಟಗಾರನಿಗೆ ಎಷ್ಟು ಉಪಯೋಗಕ್ಕೆ ಬರುತ್ತದೆ?

ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಚೆಂಡಿನ ಪಟ್ಟಿ ತಿಂಗಳಿಗೊಮ್ಮೆ ಹೊಸದಾಗುತ್ತದೆ. ಹುಡುಕುವಾಗ ಬ್ರ್ಯಾಂಡ್ ಹೆಸರೊಂದೇ ಸಾಲದು. ಚೆಂಡಿನ ಮೇಲಿನ ಅಕ್ಷರ, ಬಾಣ, ಚುಕ್ಕಿ ಎಲ್ಲ ಹೊಂದಬೇಕು. ಒಂದೇ ಹೆಸರಲ್ಲಿ ಹಳೆಯದೂ ಹೊಸದೂ ಇರುತ್ತವೆ, ಎಡವುವುದು ಇಲ್ಲೇ. ಡ್ರೈವರ್‌ಗಾದರೆ ಮಾಡೆಲ್ ಜೊತೆ ಲಾಫ್ಟ್ (ಮುಖದ ಓರೆಕೋನ) ಕೂಡ ನೋಡಬೇಕು. ಇನ್ನೊಂದು ಸಂಗತಿ ಪಟ್ಟಿಯ ಪುಟ ನೋಡಿದರೆ ಹೊಳೆಯುವುದಿಲ್ಲ: ಟೂರ್ನಿ ಸಮಿತಿ ಜಿ-1 (ಡ್ರೈವರ್) ಮತ್ತು ಜಿ-3 (ಚೆಂಡು) ಸ್ಥಳೀಯ ನಿಯಮ ಜಾರಿ ಮಾಡಿದ್ದರೆ ಮಾತ್ರ ಪಟ್ಟಿಯಲ್ಲಿರುವುದು ಕಡ್ಡಾಯ. ಇಲ್ಲದಿದ್ದರೆ ಸಲಕರಣೆ ನಿಯಮಕ್ಕೆ ಹೊಂದಿದರೆ ಸಾಕು. ಹೊಂದದ ಕ್ಲಬ್ ಬ್ಯಾಗಿನಲ್ಲಿ ಸುಮ್ಮನೆ ಬಿದ್ದಿದ್ದರೆ ದಂಡವಿಲ್ಲ, ಒಯ್ಯಬಹುದಾದ 14 ಕ್ಲಬ್‌ಗಳ ಲೆಕ್ಕಕ್ಕೆ ಸೇರುತ್ತದೆ ಅಷ್ಟೆ. ಅದರಿಂದ ಒಂದು ಹೊಡೆತ ಹೊಡೆದಿರೋ, ಅನರ್ಹ.

ಅಳತೆಯ ಕೆಲಸ ಇವರದು ನಿಜಕ್ಕೂ ಚೊಕ್ಕ. ಸಣ್ಣ ಲೋಲಕವೊಂದು ಡ್ರೈವರ್ ಮುಖಕ್ಕೆ ಬಡಿದು, ಎಷ್ಟು ಹೊತ್ತು ತಾಗಿಕೊಂಡಿತ್ತು ಎಂದು ಮೈಕ್ರೊಸೆಕೆಂಡಿನಲ್ಲಿ ಹೇಳುತ್ತದೆ. ಹೆಚ್ಚು ಹೊತ್ತು ಅಂದರೆ ಹೆಚ್ಚು ಪುಟಿತ. ಮಿತಿ 239, ಮೇಲೆ 18ರ ರಿಯಾಯಿತಿ. 257 ದಾಟಿದರೆ ಫೇಲ್. ತೊಂದರೆ ಏನೆಂದರೆ, ಹೊಡೆತ ತಿಂದು ತಿಂದು ತೆಳು ಮುಖದ ಪುಟಿತ ಹೆಚ್ಚುತ್ತಾ ಹೋಗುತ್ತದೆ. ಮಿತಿಯ ಅಂಚಿಗೇ ತಯಾರಾದ ಡ್ರೈವರ್ ಆಟಗಾರನಿಗೇ ಗೊತ್ತಿಲ್ಲದಂತೆ ಗೆರೆ ದಾಟುತ್ತದೆ. 2019ರ ಓಪನ್‌ನಲ್ಲಿ ಕ್ಸಾಂಡರ್ ಶಾಫೆಲೆ, 2025ರ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ರೋರಿ ಮೆಕಿಲ್ರಾಯ್ ಅವರ ಡ್ರೈವರ್‌ಗಳು ಫೇಲಾದವು. ಪಟ್ಟಿ ಮಾತಾಡುವುದು ಮಾಡೆಲ್ ಬಗ್ಗೆ, ನಿಮ್ಮ ಕೈಯಲ್ಲಿರುವ ತಲೆಯ ಬಗ್ಗೆ ಅಲ್ಲ.

ನಿಯಮ ಯಾರಿಗೆ ಅನ್ವಯಿಸಬೇಕು ಎಂಬಲ್ಲಿ ಮಾತ್ರ ಇವರ ಕೈ ನಡುಗುತ್ತದೆ. 2000ದಲ್ಲಿ ಕ್ಯಾಲವೇ ಇಆರ್‌ಸಿ 2 ಡ್ರೈವರ್ ಅಮೆರಿಕದಲ್ಲಿ ನಿಷಿದ್ಧ, ಆರ್ ಅಂಡ್ ಎ ಸೀಮೆಯಲ್ಲಿ ಸಲ್ಲುತ್ತಿತ್ತು. ಆ ಗೊಂದಲ ಎಲ್ಲರ ಮಟ್ಟಿಗೂ ತೀರಲು 2008 ಬರಬೇಕಾಯಿತು. 2010ರ ಗ್ರೂವ್ (ಕ್ಲಬ್ ಮುಖದ ಗೀರು) ನಿಯಮ ಮೊದಲು ವೃತ್ತಿಪರರಿಗೆ ಬಂತು, ಹವ್ಯಾಸಿಗಳ ಹಳೆ ಕ್ಲಬ್‌ಗೆ ವರ್ಷಗಟ್ಟಲೆ ವಿನಾಯಿತಿ ಸಿಕ್ಕಿತು. 2022ರಲ್ಲಿ ಕ್ಲಬ್ ಉದ್ದಕ್ಕೆ 46 ಇಂಚಿನ ಮಿತಿಯೂ ದೊಡ್ಡ ಸ್ಪರ್ಧೆಗಳಿಗೆ ಸ್ಥಳೀಯ ನಿಯಮವಾಗಿಯೇ ಬಂತು. ಮಿಕ್ಕವರಿಗೆ 48 ಇಂಚು ಹಾಗೇ ಇದೆ. ಅಂದರೆ ಒಂದೇ ಪುಸ್ತಕದೊಳಗೆ ಎರಡು ಮೆಟ್ಟಿಲು ಆಗಲೇ ಇವೆ, ಆಟವೇನೂ ಮುಳುಗಿಲ್ಲ.

2023ರ ಮಾರ್ಚ್‌ನಲ್ಲಿ ಚೆಂಡಿಗೂ ಅದೇ ದಾರಿ ಸೂಚಿಸಿದರು. ಅಮೆರಿಕದ ವೃತ್ತಿಪರ ಸ್ಪರ್ಧೆಗಳನ್ನು ನಡೆಸುವ ಪಿಜಿಎ ಟೂರ್ ಒಲ್ಲೆ ಎಂದಿತು. ಡಿಸೆಂಬರ್‌ಗೆ ಎಲ್ಲರಿಗೂ ಒಂದೇ ನಿಯಮ ಎಂದು ತೀರ್ಮಾನಿಸಿದರು! ಅದರಂತೆ ಪರೀಕ್ಷೆಯಲ್ಲಿ ಕ್ಲಬ್ ಬೀಸುವ ವೇಗ ಗಂಟೆಗೆ 120 ಮೈಲಿಯಿಂದ 125ಕ್ಕೆ, ಚೆಂಡು ಏಳುವ ಕೋನ 10ರಿಂದ 11 ಡಿಗ್ರಿಗೆ ಏರಬೇಕು. ಸ್ಪಿನ್ ನಿಮಿಷಕ್ಕೆ 2520 ಸುತ್ತಿನಿಂದ 2200ಕ್ಕೆ ಇಳಿಯಬೇಕು. ದೂರದ ಮಿತಿ ಹಳೆಯದೇ: 317 ಗಜ, ಮೇಲೆ 3 ರಿಯಾಯಿತಿ. ಅಂದರೆ ಚೆಂಡು ಮೊದಲಿಗಿಂತ ಕಮ್ಮಿ ಹಾರುವಂತಿರಬೇಕು. ಅತಿ ದೂರ ಹೊಡೆಯುವವರಿಗೆ 13–15 ಗಜ, ವಾರಾಂತ್ಯದ ಆಟಗಾರರಿಗೆ ಹೆಚ್ಚೆಂದರೆ 5 ಗಜ ನಷ್ಟ ಎಂಬುದು ಇವರದೇ ಅಂದಾಜು. ಐದೇ ಗಜ ನಿಜ. ಆದರೆ ದೂರದ ಹೊಡೆತಕ್ಕೆ ಮೈದಾನ ಸಾಲದೆ ಹೋಗಿದ್ದು ವಾರಾಂತ್ಯದ ಆಟಗಾರರಿಂದಲ್ಲವಲ್ಲ.

ಹಾಗಂತ ನಿಯಮ ಬರೆಯುವ ಪೆನ್ನನ್ನು ಟೂರ್‌ಗೆ ಕೊಡಬಾರದು, ಅದು ಮಾರುವುದು ದೂರದ ಹೊಡೆತದ ಮೋಜನ್ನು. ಕಂಪನಿಗಳಿಗಂತೂ ಬೇಡವೇ ಬೇಡ, ಅವು ಗಜಗಳನ್ನೇ ಮಾರುತ್ತವೆ. ಬರೆಯುವವರು ಈ ಇಬ್ಬರೇ ಇರಲಿ, ಚೆಂಡಿನ ಬಿಗಿ ಮಿತಿ ಜಿ ಸಾಲಿನ ಸ್ಥಳೀಯ ನಿಯಮವಾಗಿ ಹೋಗಲಿ. ಆಗ ಟೂರ್ ಬೇಡವೆಂದರೂ ಆರ್ ಅಂಡ್ ಎ ತನ್ನ ಓಪನ್‌ನಲ್ಲಿ, ಯುಎಸ್‌ಜಿಎ ತನ್ನ ಯುಎಸ್ ಓಪನ್‌ನಲ್ಲಿ ಅದನ್ನು ಜಾರಿಗೆ ತರಬಹುದು. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.