ಹಲ್ಲಿನ ಸೆಟ್: ಸ್ಟೀಲ್ ಜಾಲರಿಗಿಂತ ಹೈ ಇಂಪ್ಯಾಕ್ಟ್ ಅಕ್ರಿಲಿಕ್ ಮೇಲು

ಐದು ವರ್ಷದಲ್ಲಿ ಮೇಲಿನ ದವಡೆಗೆ ಮೂರು ಸೆಟ್ ಮಾಡಿಸಿದ್ದೇನೆ. ಈಗ ಬಾಯಲ್ಲಿರುವುದು ಹೈ ಇಂಪ್ಯಾಕ್ಟ್ ಅಕ್ರಿಲಿಕ್, ಅಂದರೆ ಪೆಟ್ಟು ತಾಳುವ ಪ್ಲಾಸ್ಟಿಕ್. ಇನ್ನು ಬೇರೆಯದರ ಕಡೆ ತಿರುಗಿ ನೋಡುವುದಿಲ್ಲ.

ಮೊದಲನೆಯದು ಮಾಮೂಲಿ ಹೀಟ್ ಕ್ಯೂರ್ ಅಕ್ರಿಲಿಕ್, ಅಂದರೆ ಬಿಸಿ ಮಾಡಿ ಗಟ್ಟಿಯಾಗಿಸುವ ಪ್ಲಾಸ್ಟಿಕ್. ಖರ್ಚು ಕಡಿಮೆ, ಹಗುರ. ತೊಳೆಯುವಾಗ ಕೈಜಾರಿ ಬಿತ್ತು, ಸರಿಯಾಗಿ ಮಧ್ಯಕ್ಕೆ ಎರಡು ಹೋಳು. ಅಂಗುಳಕ್ಕೆ ಕೂರುವ ಮೇಲಿನ ಪ್ಲೇಟ್ ಜಗಿಯುವಾಗಲೆಲ್ಲ ನಡುವಿನಲ್ಲೇ ಬಾಗುತ್ತದೆ, ದಿನ ಕಳೆದಂತೆ ಅಲ್ಲೇ ಸೋಲುತ್ತದೆ.

ಮತ್ತೆ ಒಡೆಯಬಾರದು ಎಂದು ಎರಡನೆಯದರೊಳಗೆ ಸ್ಟೀಲ್ ಜಾಲರಿ ಹಾಕಿಸಿದೆ. ತಾರಸಿಗೆ ಕಂಬಿ ಕಟ್ಟಿದ ಹಾಗೆ ಗಟ್ಟಿಯಾಗುತ್ತದೆ ಅಂದುಕೊಂಡೆ. ಮೊದಲ ದಿನವೇ ತೊಂದರೆ ಶುರುವಾಯಿತು. ಜಾಲರಿ ಮುಚ್ಚಲು ಅಂಗುಳಿನ ಕಡೆ ದಪ್ಪ ಮಾಡಿದ್ದರು. ಟ, ಡ, ಳ ಹೇಳಲು ನಾಲಿಗೆ ಮಡಚಿ ಅಂಗುಳಕ್ಕೆ ತಾಗಬೇಕು, ಅಲ್ವಾ? ಅಲ್ಲಿ ಜಾಗವೇ ಇರಲಿಲ್ಲ. ಮೊಮ್ಮಗಳಿಗೆ ಕಥೆ ಓದುವಾಗ ‘ಕೊಳಲು’ ಅನ್ನುವುದು ‘ಕೊಲಲು’ ಆಗುತ್ತಿತ್ತು. ಅವಳು ತಿದ್ದುತ್ತಿದ್ದಳು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ನನಗೆ ತುಂಬಾ ಬೇಸರವಾಗುತ್ತಿತ್ತು.

ಹತ್ತು ತಿಂಗಳಿಗೆ ಅದೂ ಬಿರುಕು ಬಿಟ್ಟಿತು. ಅಕ್ರಿಲಿಕ್ ಲೋಹಕ್ಕೆ ತಾನಾಗಿ ಅಂಟುವುದಿಲ್ಲ, ಸುತ್ತ ಹಿಡಿದಿರುತ್ತದೆ ಅಷ್ಟೇ. ಜಾಲರಿಗೆ ಮರಳು ಹೊಡೆದು ಒರಟು ಮಾಡಿ, ಅಕ್ರಿಲಿಕ್ ಅಂಟುವಂತೆ ಮಾಡುವ ಪ್ರೈಮರ್ ಹಚ್ಚಬೇಕಿತ್ತಂತೆ. ಬಿರುಕು ಜಾಲರಿಯ ಗುಂಟ ಹರಿಯಿತು. ಎರಡೂ ಹೋಳು ಬೇರೆಯಾಗಲಿಲ್ಲ, ಒಳಗಿನ ತಂತಿಗೆ ಜೋತುಕೊಂಡು ಸ್ವಲ್ಪ ಸರಿದವು. ಸರಿಯಾಗಿ ಕೂಡಿಸಲು ಲ್ಯಾಬಿನವರು ತಂತಿಯನ್ನೇ ಕತ್ತರಿಸಬೇಕಾಯಿತು. ರಿಪೇರಿ ಆದ ಮೇಲೆ ಒಂದು ತುದಿ ಹೊರಗೆ ಬಂದು, ನಾಲಿಗೆ ದಿನವಿಡೀ ಅಲ್ಲೇ ಹೋಗುತ್ತಿತ್ತು. ಹುಣ್ಣಾಯಿತು.

ಸ್ಟೀಲ್ ಬದಲು ಗ್ಲಾಸ್ ಫೈಬರ್ ಜಾಲರಿಯೂ ಇದೆ, ಅದು ಹೊರಗೆ ಕಪ್ಪಾಗಿ ಕಾಣುವುದಿಲ್ಲ. ಅದನ್ನು ಮಾಡಿಸಿ ನೋಡಿಲ್ಲ, ನಮ್ಮ ಲ್ಯಾಬ್‌ನಲ್ಲಿ ಇರಲಿಲ್ಲ.

ಹೈ ಇಂಪ್ಯಾಕ್ಟ್ ಅಕ್ರಿಲಿಕ್‌ನಲ್ಲಿ ಬೇರೆ ಏನೂ ಹುದುಗಿಸುವುದಿಲ್ಲ. ಅಕ್ರಿಲಿಕ್ ಕಲಸುವ ಪುಡಿಯಲ್ಲೇ ರಬ್ಬರಿನ ಸಣ್ಣ ಕಣಗಳಿರುತ್ತವೆ. ಪೆಟ್ಟು ಬಿದ್ದರೆ ಅವು ಬಿರುಕು ಮುಂದೆ ಹರಿಯದಂತೆ ತಡೆಯುತ್ತವೆ. ಪ್ಲೇಟ್ ತೆಳ್ಳಗೆ ಮಾಡಬಹುದು. ಮಾಮೂಲಿಗಿಂತ ಎರಡು ಸಾವಿರ ಜಾಸ್ತಿ ಆಯಿತು, ಪಿಂಚಣಿಯಲ್ಲಿ ಹೊಂದಿಸಿದೆ. ಇದನ್ನೂ ಬಿಸಿನೀರಲ್ಲಿಟ್ಟೇ ಗಟ್ಟಿ ಮಾಡುವುದು, ಬೇಗ ಕುದಿಸಿ ಮುಗಿಸಬೇಡಿ ಅಂತ ಲ್ಯಾಬಿನವರನ್ನು ಮೊದಲೇ ಕೇಳಿಕೊಂಡೆ. ಅವಸರದಲ್ಲಿ ಕುದಿಸಿದರೆ ಒಳಗೆ ಗುಳ್ಳೆ ಏಳುತ್ತದೆ. 74 ಡಿಗ್ರಿಯಲ್ಲಿ 8 ಗಂಟೆಗೂ ಹೆಚ್ಚು ಇಟ್ಟು ಮಾಡಿಕೊಟ್ಟರು.

ನನಗೆ ಸಂಜೆ ಚಕ್ಕುಲಿ ಬೇಕೇ ಬೇಕು, ಕೈನಡುಕವೂ ಇದೆ. ಒಂದೂವರೆ ವರ್ಷದಲ್ಲಿ ಎರಡು ಸಲ ನೆಲಕ್ಕೆ ಬೀಳಿಸಿದೆ. ಒಂದು ಗೀರು ಬಿಟ್ಟರೆ ಏನೂ ಆಗಿಲ್ಲ. ನೆನ್ನೆ ಮೊಮ್ಮಗಳಿಗೆ ಇಡೀ ಕಥೆ ಓದಿದೆ, ಒಂದು ಸಲವೂ ತಿದ್ದಲಿಲ್ಲ.